ಮಾಸು ಬೀಳುವ ತನಕ

ಆ ವರ್ಷ ನಮ್ಮ ಮನೆಯಲ್ಲಿ ತುಂಬು ಬಸುರಿಯರು ಇಬ್ಬರಿದ್ದೆವು. ಒಬ್ಬಳು ನಾನು, ಇನ್ನೊಬ್ಬಳು ಎಮ್ಮೆ. ಇಬ್ಬರ ಉಸ್ತುವಾರಿಯೂ ಅತ್ತೆಯದೇ. ‘ತಿಂದ್ಲೋ ಇಲ್ಲೋ?’ ಎಂದು ಅವರು ಅಂಗಳದಿಂದ ಕೂಗಿ ಕೇಳಿದರೆ, ಕೇಳಿದ್ದು ಯಾರ ಬಗ್ಗೆ ಎಂದು ನನ್ನ ಗಂಡನಿಗೆ ತಿಳಿಯುತ್ತಿರಲಿಲ್ಲ. ಇಬ್ಬರಿಗೂ ಸೇರಿಸಿ ಒಂದು ‘ಹೂಂ’ ಅಂದುಬಿಡುತ್ತಿದ್ದರು.

ಸಂಡೂರಿನಿಂದ ಹೊಸಪೇಟೆಗೆ ಅದಿರು ಹೊತ್ತು ಬರುವ ಲಾರಿಗಳ ರಸ್ತೆಗೆ ನಮ್ಮ ಮನೆಯ ಮುಂಗೋಡೆ ಮುಖ ಮಾಡಿತ್ತು. ಗಣಿಯ ಭರಾಟೆ ಜೋರಾಗಿದ್ದ ಕಾಲ. ಲಾರಿಗಳ ಸಾಲು ಬೆಳಗಾದರೂ ಮುಗಿಯುತ್ತಿರಲಿಲ್ಲ, ಬೈಗಾದರೂ ಮುಗಿಯುತ್ತಿರಲಿಲ್ಲ. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಕರೀ ಎಮ್ಮೆ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಅತ್ತೆ ಜೋಳದ ಸೊಪ್ಪೆಯನ್ನು ಗೋಡೆಗೆ ಬಡಿಬಡಿದು ಧೂಳು ಉದುರಿಸಿ ಗೋದಲಿಗೆ ಹಾಕುತ್ತಿದ್ದರು, ಹಸಿ ಹುಲ್ಲನ್ನು ಬಾನಿಯ ನೀರಿನಲ್ಲಿ ಜಾಲಾಡಿ ಕೊಡುತ್ತಿದ್ದರು. ಅದೇ ಕೈಯಲ್ಲಿ ನನಗೆ ಬರುವ ಸೊಪ್ಪು, ಸೌತೆಕಾಯಿಯನ್ನೂ ತೊಳೆಯುತ್ತಿದ್ದರು. ನಾನು ಹೊಸಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುವವಳು, ಆಗ ರಜೆಯಲ್ಲಿದ್ದೆ. ನನ್ನ ಗಂಡ ಅದಿರು ಯಾರ್ಡಿನ ವೇಬ್ರಿಜ್‌ನಲ್ಲಿ ಲಾರಿ ತೂಗುವವರು. ಮನೆಯಲ್ಲಿ ಇದ್ದವರು ನಾವು ಮೂವರೇ, ಎಮ್ಮೆಯನ್ನು ಬಿಟ್ಟರೆ.

ಎಮ್ಮೆ ಕಂಪ್ಲಿಯ ಕಡೆಯಿಂದ ಬಂದದ್ದು. ಅಲ್ಲಿ ಕಾಲುವೆ ನೀರು, ಭತ್ತದ ಗದ್ದೆಯ ಬದುವಿನ ಹುಲ್ಲು. ಅಲ್ಲಿ ಅದು ಹಾಕಿದ ಕರುಗಳು ಗುಂಡಗೆ ಇದ್ದವೆಂದು ಮಾರಿದವರು ತೋರಿಸಿಯೇ ಕೊಟ್ಟಿದ್ದರು. ನಮ್ಮಲ್ಲಿಗೆ ಬಂದು ಮೊದಲ ಸಲ ಗಬ್ಬವಾಗಿ ಈದಾಗ ಕರು ಬೆಕ್ಕಿನಷ್ಟೇ ಅನಿಸಿತು ನನಗೆ. ಹುಟ್ಟಿ ನಾಲ್ಕು ದಿನ ತುಂಬುವ ಮೊದಲೇ ಭೇದಿಯಾಗಿ ಸತ್ತಿತು. ಎಮ್ಮೆ ಅದೇ, ಕೂಡಿಸಿದ ಕೋಣವೂ ಕಂಪ್ಲಿಯದೇ. ಬದಲಾದದ್ದು ಎಮ್ಮೆ ತಿಂದ ಮೇವು, ಎಳೆದುಕೊಂಡ ಉಸಿರು, ರಸ್ತೆಯ ಹಾರ್ನಿಗೆ ಹಗಲೂ ರಾತ್ರಿ ಬೆದರಿ ಕಣ್ಣಿ ಜಗ್ಗಿದ ಅದರ ಅಂಜಿಕೆ. ಅತ್ತೆ ಮಾತ್ರ ‘ಯಾರದೋ ದೃಷ್ಟಿ’ ಅಂದರು. ಈ ಸಲವೂ ಕರು ಉಳಿಯದಿದ್ದರೆ ಎಮ್ಮೆಯನ್ನು ಸಂತೆಗೆ ಹೊಡೆಯುವುದೆಂದು ಆಗಲೇ ತೀರ್ಮಾನವಾಗಿತ್ತು.

ನನಗೆ ಮಾತ್ರ ದೃಷ್ಟಿಗಿಂತ ಬೇರೆ ಒಂದು ಸಂಗತಿ ಕೊರೆಯುತ್ತಿತ್ತು. ಸತ್ತ ಕರುವಿಗೆ ಮೊದಲ ದಿನ ಬೈಗಾಗುವ ತನಕ ಒಂದು ಗುಟುಕು ಹಾಲು ಸಿಕ್ಕಿರಲಿಲ್ಲ. ನಮ್ಮ ಕಡೆ ಭಾಳ ಮನೆಗಳಲ್ಲಿ ಹೀಗೇ. ಎಮ್ಮೆ ಈದ ಮೇಲೆ ಮಾಸು, ಅಂದರೆ ಕರುವಿನ ಹಿಂದೆ ಬೀಳುವ ಚೀಲ, ಪೂರ್ತಿ ಬೀಳುವ ತನಕ ಕರುವನ್ನು ಕೆಚ್ಚಲ ಹತ್ತಿರ ಬಿಡುವುದಿಲ್ಲ. ಬಿಟ್ಟರೆ ಮಾಸು ಒಳಗೇ ಉಳಿದು ಎಮ್ಮೆ ಸಾಯುತ್ತದೆ ಎಂಬ ನಂಬಿಕೆ.

ಮನುಷ್ಯರ ಕೂಸಿಗೂ ಇಂಥದ್ದೇ ಒಂದು ಕಟ್ಟಳೆ ಇತ್ತು. ಹುಟ್ಟಿದ ಮೂರು ದಿನ ಎದೆಹಾಲು ಇಲ್ಲ. ಹೊಟ್ಟೆ ತೊಳೆಯಲೆಂದು ಔಡಲೆಣ್ಣೆ ನೆಕ್ಕಿಸಿ, ಬೆಲ್ಲದ ನೀರು ಹಾಕುವುದು. ಮೊದಲು ಬರುವ ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು. ನನ್ನ ತಾಯಿ ತೀರಿಕೊಂಡು ವರ್ಷಗಳಾಗಿದ್ದವು, ತವರಿಗೆ ಹೋಗಿ ಹೆರುವ ಮಾತಿರಲಿಲ್ಲ. ಬಾಣಂತನವೆಲ್ಲ ಅತ್ತೆಯ ಕೈಯಲ್ಲೇ. ಬಸುರಿಗೆ ಮಾಡುವ ಕುಪ್ಪಸದ ಶಾಸ್ತ್ರ ಮುಗಿದ ದಿನ, ಬಂದವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗ, ಅತ್ತೆ ಎಲ್ಲರ ಎದುರು ಹೇಳಿಬಿಟ್ಟಿದ್ದರು.

‘ಮೂರು ದಿನ ಕೂಸಿಗೆ ಮೊಲಿ ಕೊಡಂಗಿಲ್ಲ ನೋಡವ್ವ. ನಮ್ಮ ಮನ್ಯಾಗ ಇದು ನಡಕೊಂಡು ಬಂದದ್ದು.’

‘ನಾ ಕೊಡತೀನ್ರಿ ಅತ್ತಿ,’ ಅಂದೆ ನಾನು.

ಅವರು ಅಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ. ‘ನೋಡೂಣು,’ ಅಂದರು. ಆ ‘ನೋಡೂಣು’ ನನ್ನ ಎದೆಯೊಳಗೆ ಕಲ್ಲಿನಂತೆ ಕೂತಿತು. ಗಂಡನಿಗೆ ಹೇಳಿದರೆ, ‘ಅವ್ವ ನನ್ನನ್ನೂ ಹಂಗ ಬೆಳೆಸ್ಯಾಳ, ನಾ ಏನ್ ಸತ್ತೀನಾ?’ ಎಂದು ನಕ್ಕರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಎಮ್ಮೆಯ ಮನೆಯಲ್ಲಿ ಆ ಗಾದೆಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಾಗಲಿಲ್ಲ.

ರಜೆಯಲ್ಲಿ ಓದಲು ಏನೂ ಇರಬಾರದಿತ್ತು. ಶಾಲೆಯ ಲೈಬ್ರರಿಯಿಂದ ತಂದ ಜೀವಶಾಸ್ತ್ರದ ಪುಸ್ತಕ ನನ್ನ ನಿದ್ದೆ ಕೆಡಿಸಿತು. ತಂದೆತಾಯಿ ಕೊಟ್ಟ ವಂಶವಾಹಿಗಳಂತೆ ಮರಿ ಬೆಳೆಯುತ್ತದೆ ಎಂದಷ್ಟೇ ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೆ. ವಂಶವಾಹಿ ಇದ್ದರೆ ಸಾಲದಂತೆ. ಒಂದು ಮನೆಯ ಕೋಣೆಗಳ ಹಾಗೆ ಅವು. ಯಾವ ಕೋಣೆಯ ಬಾಗಿಲು ತೆರೆದಿರಬೇಕು, ಯಾವುದಕ್ಕೆ ಚಿಲಕ ಬೀಳಬೇಕು ಎಂಬುದಕ್ಕೆ ತಾಯಿಯ ಊಟ, ತಾಯಿಯ ಉಪವಾಸ, ತಾಯಿಯ ಅಂಜಿಕೆ ಕೂಡ ಕೈ ಹಾಕುತ್ತವೆ. ತಾಯಿ ಇಲಿ ಚೆನ್ನಾಗಿ ನೆಕ್ಕಿ ಬೆಳೆಸಿದ ಮರಿ ದೊಡ್ಡದಾದ ಮೇಲೂ ಸುಲಭಕ್ಕೆ ಬೆದರುವುದಿಲ್ಲ. ಸರಿಯಾಗಿ ನೆಕ್ಕದ ತಾಯಿಯ ಮರಿ ಜೀವಮಾನವೆಲ್ಲ ಪುಕ್ಕಲು. ಮರಿಗಳನ್ನು ಅದಲುಬದಲು ಮಾಡಿದರೆ ಹೆತ್ತವಳದ್ದಲ್ಲ, ಸಾಕಿದವಳ ಬುದ್ಧಿಯೇ ಬರುತ್ತದೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಮಾತನ್ನು ನಾನು ಮದುವೆ ಮನೆಗಳಲ್ಲಿ ಎಷ್ಟು ಸಲ ಕೇಳಿರಲಿಕ್ಕಿಲ್ಲ. ಅದು ಹೀಗೆ ಮೈಗೆ ಮುಟ್ಟಿದ್ದು ಆಗಲೇ.

ನನಗೆ ಹೆದರಿಕೆ ಹಿಡಿಯಿತು. ಮಧ್ಯಾಹ್ನ ಗುಡ್ಡದಲ್ಲಿ ಬ್ಲಾಸ್ಟಿಂಗ್ ಆದಾಗ ಪಾತ್ರೆಗಳು ಗಣಗಣ ಅನ್ನುತ್ತಿದ್ದವು, ಹೊಟ್ಟೆಯೊಳಗೆ ಕೂಸು ಒಮ್ಮೆ ಮಿಸುಕಿ ಸುಮ್ಮನಾಗುತ್ತಿತ್ತು. ನಾನು ಕೆಮ್ಮಿದರೆ ಹಿತ್ತಲಲ್ಲಿ ಎಮ್ಮೆಯೂ ಕೆಮ್ಮುತ್ತಿತ್ತು. ಹೊಟ್ಟೆಯಲ್ಲಿರುವಾಗ ಈ ಕೂಸಿಗೆ ಏನೇನು ಇಳಿಯುತ್ತಿದೆಯೋ, ಅದನ್ನು ತಡೆಯುವುದು ನನ್ನ ಕೈಯಲ್ಲಿರಲಿಲ್ಲ. ಹುಟ್ಟಿದ ಮೇಲಿನ ಮೊದಲ ಹಾಲು ಒಂದೇ ನನ್ನ ಕೈಯಲ್ಲಿದ್ದದ್ದು. ಅದನ್ನೂ ಕಸಿದುಕೊಂಡರೆ?

ಎಮ್ಮೆ ಈದದ್ದು ಒಂದು ಬೆಳಿಗ್ಗೆ, ಗಂಡ ಶಿಫ್ಟಿಗೆ ಹೋದ ಸ್ವಲ್ಪ ಹೊತ್ತಿಗೆ. ಅತ್ತೆ ಸೀರೆ ಎತ್ತಿ ಕಟ್ಟಿ, ಕರುವಿನ ಮುಂಗಾಲು ಹಿಡಿದು, ಎಮ್ಮೆ ಮುಕ್ಕರಿದಾಗಲೆಲ್ಲ ಜೊತೆಗೆ ಜಗ್ಗಿದರು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಹೆಣ್ಣು. ಸಣ್ಣದೇ, ಆದರೆ ಹೋದ ಸಲದಷ್ಟಲ್ಲ. ರಸ್ತೆಯ ಕಡೆಯಿಂದ ಕೆಂಪು ಗಾಳಿ ಬೀಸುತ್ತಿತ್ತು, ಹಸಿ ಮೈಗೆ ಧೂಳು ಮೆತ್ತಿಕೊಳ್ಳತೊಡಗಿತು. ನಾನು ಗೋಣಿತಟ್ಟು ಹಿಡಿದು ಒರೆಸಲು ಹೋದೆ.

‘ಮುಟ್ಟಬ್ಯಾಡ,’ ಅಂದರು ಅತ್ತೆ. ‘ಅವ್ವ ನೆಕ್ಕಲಿ. ಅವ್ವ ನೆಕ್ಕದ ಕರು ಅಂಜುಬುರುಕ ಆಗತೈತಿ.’

ಪುಸ್ತಕದಲ್ಲಿದ್ದ ಮಾತೇ ಅದು. ನಾನು ಹಿಂದೆ ಸರಿದೆ. ಎಮ್ಮೆ ಧೂಳನ್ನೂ ಲೋಳೆಯನ್ನೂ ಸೇರಿಸಿ ಸರ್ರ್ ಸರ್ರ್ ಎಂದು ನೆಕ್ಕಿತು. ಆ ಗಳಿಗೆ ನನಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿತು. ಇಷ್ಟು ತಿಳಿದವರು ಇನ್ನುಳಿದದ್ದನ್ನೂ ಒಪ್ಪಿಯಾರು ಅನಿಸಿತು. ಕರು ಎದ್ದು ಬಿದ್ದು, ಬಿದ್ದು ಎದ್ದು, ಮೂತಿ ಚಾಚಿ ಕೆಚ್ಚಲು ಹುಡುಕುತ್ತ ಹೋಯಿತು. ಮೊಲೆ ಬಾಯಿಗೆ ಸಿಗುವಷ್ಟರಲ್ಲಿ ಅತ್ತೆ ಅದರ ಕೊರಳಿಗೆ ಹಗ್ಗ ಹಾಕಿ ಎಳೆದುಕೊಂಡು ಹೋಗಿ ಆಚೆ ಮೂಲೆಯ ಗೂಟಕ್ಕೆ ಕಟ್ಟಿದರು.

‘ಮಾಸ ಬೀಳಲಿ.’

ನಾನು ಸಮಾಧಾನದಿಂದಲೇ ಶುರು ಮಾಡಿದೆ. ಅದು ನನ್ನ ಸ್ವಭಾವವಲ್ಲ, ಆದರೂ ಮಾಡಿದೆ. ಕರು ಮೊಲೆ ಚೀಪಿದರೆ ಮಾಸು ಬೀಳಲು ಅನುಕೂಲವೇ ಆಗುತ್ತದೆ ಎಂದೆ. ಅತ್ತೆ ಕೇಳಿಸದವರಂತೆ ಎಮ್ಮೆಗೆ ಬಿಸಿನೀರಿನಲ್ಲಿ ಬೆಲ್ಲ, ಸಜ್ಜೆ ಹಿಟ್ಟು ಕಲಸಿ ಇಟ್ಟರು. ಎಮ್ಮೆ ಮೂಸಿಯೂ ನೋಡಲಿಲ್ಲ. ಕರುವಿನ ಕಡೆ ತಿರುಗಿ ಗುಟುರು ಹಾಕುತ್ತ ನಿಂತಿತ್ತು. ಮಾಸು ಅರ್ಧ ಹೊರಗೆ ನೇತಾಡುತ್ತಿತ್ತು, ಬೀಳುವ ಲಕ್ಷಣ ಇರಲಿಲ್ಲ.

ದನದ ಡಾಕ್ಟರಿಗೆ ಫೋನು ಹಚ್ಚಿದೆ. ಅವರು ಕಂಪ್ಲಿಯ ಕಡೆ ಯಾವುದೋ ಊರಿನಲ್ಲಿದ್ದರು, ಬರುವುದು ಸಂಜೆಯೇ ಅಂದರು. ‘ಮೊದಲ ಗಿಣ್ಣದ ಹಾಲು ಕುಡಸ್ರಿ. ಜಡ್ಡು ತಡಿಯೂ ಶಕ್ತಿ ಕರುವಿಗೆ ಅವ್ವನ ಹೊಟ್ಟ್ಯಾಗ ಬರಂಗಿಲ್ಲ, ಗಿಣ್ಣದಾಗ ಬರಬೇಕು. ತಡಾ ಆದಷ್ಟು ಅದರ ಕರುಳು ತಗಳದು ಕಮ್ಮಿ ಆಗ್ತದ.’ ಫೋನನ್ನು ಅತ್ತೆಯ ಕಿವಿಗೇ ಹಿಡಿದೆ. ಅವರು ಪೂರ್ತಿ ಕೇಳಿ, ‘ಆತ್ರಿ ಸಾಹೇಬ್ರ,’ ಎಂದು ಮರ್ಯಾದೆಯಿಂದ ಹೇಳಿ ನನಗೆ ವಾಪಸು ಕೊಟ್ಟರು. ಹಗ್ಗ ಬಿಚ್ಚಲಿಲ್ಲ.

‘ಮತ್ತ ಆತು ಅಂದ್ರಲ್ರಿ?’

‘ಅವ್ರಿಗೆ ಅಂದೆ. ಎಮ್ಮಿ ಸತ್ರ ಅವ್ರು ಬಂದು ಹೊರತಾರೇನು?’

ಬಿಸಿಲು ಏರಿತು. ಕರು ಮೊದಲು ಒಂದೇ ಸಮ ಅರಚುತ್ತಿತ್ತು. ಆಮೇಲೆ ಬಿಟ್ಟು ಬಿಟ್ಟು. ನಾನು ಪಡಸಾಲೆಯಲ್ಲಿ ಕೂತರೆ ಕೇಳಿಸುತ್ತದೆ ಎಂದು ಒಳಮನೆಗೆ ಹೋದೆ, ಅಲ್ಲಿ ಕೇಳಿಸದಾಗ ಜೀವ ತಡೆಯದೆ ಮತ್ತೆ ಹೊರಗೆ ಬಂದೆ. ರಸ್ತೆಯಲ್ಲಿ ಲಾರಿಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತು ಹಾರ್ನು ಹೊಡೆಯುತ್ತಿದ್ದವು. ಒಂದು ಹೊತ್ತಿನಲ್ಲಿ ಕರುವಿನ ದನಿ ನಿಂತೇಹೋಯಿತು. ಅರಚುವಾಗ ಸಿಟ್ಟು ಬರುತ್ತಿತ್ತು ನನಗೆ. ನಿಂತಾಗ ಹೆದರಿಕೆಯಾಯಿತು.

ಹೋಗಿ ನೋಡಿದೆ. ಕಾಲು ಮಡಚಿ, ಕತ್ತು ನೆಲಕ್ಕೆ ಚಾಚಿ ಮಲಗಿತ್ತು. ಬಾಯೊಳಗೆ ಬೆರಳಿಟ್ಟರೆ ತಣ್ಣಗೆ. ಚೀಪಲಿಲ್ಲ. ಅಷ್ಟರಲ್ಲಿ ಗುಡ್ಡದ ಕಡೆ ಬ್ಲಾಸ್ಟಿಂಗ್ ಆಯಿತು. ಎಮ್ಮೆ ಬೆದರಿ ಕಣ್ಣಿ ಕಿತ್ತುಕೊಳ್ಳುವ ಹಾಗೆ ಜಗ್ಗಿತು. ಕರು ಕಿವಿಯನ್ನೂ ಅಲ್ಲಾಡಿಸಲಿಲ್ಲ. ನನ್ನ ಹೊಟ್ಟೆಯೊಳಗೆ ಮಾತ್ರ ಒಂದು ಒದೆ ಬಿತ್ತು.

‘ಅತ್ತಿ, ಇದು ಸಾಯಾಕ ಹತ್ತೈತಿ.’

‘ಮಾಸ ಬೀಳಲಿ, ಕುಡೀತೈತಿ.’

‘ಹೋದ ಸಲ ಬಿದ್ದ ಮ್ಯಾಲೆ ಕುಡಸಿದ್ರಿ. ಏನಾತು?’

ಅವರು ದನದ ಮನೆಯ ಬಾಗಿಲಲ್ಲಿ, ಎಮ್ಮೆಗೂ ಕರುವಿಗೂ ನಡುವೆ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಮುಖದಲ್ಲಿ ಹಟ ಇತ್ತು ಎಂದು ಆಗ ನನಗೆ ಅನಿಸಿದ್ದು. ನಾನು ಕೂಗಿದೆ, ಹೌದು, ಅತ್ತೆಯ ಮುಂದೆ ದನಿ ಎತ್ತಿದ್ದು ಅದೇ ಮೊದಲು. ‘ನನ್ನ ಕೂಸಿಗೂ ಹಿಂಗ ಹಗ್ಗ ಹಾಕಿ ಕಟ್ಟತೀರೇನ್ರಿ? ಅದು ಅತ್ತು ಅತ್ತು ಸುಮ್ನಾಗೂ ತನಕ ಬಾಗಲಾಗ ನಿಂದರತೀರೇನ್ರಿ?’

‘ಬಾಯಿ ಬಂದಂಗ ಮಾತಾಡಬ್ಯಾಡ. ಬಸುರಿ ಹೆಂಗಸು, ಒಳಗ ಹೋಗು.’

ಬಸುರಿ ಹೆಂಗಸು. ಆ ಮಾತೇ ನನಗೆ ದಾರಿ ತೋರಿಸಿತು. ನಾನು ಹಗ್ಗ ಬಿಚ್ಚಿದೆ. ಸೆರಗು ಬಿಗಿದು ಕರುವಿನ ಹೊಟ್ಟೆಯ ಅಡಿಗೆ ಎರಡೂ ಕೈ ತೂರಿಸಿ, ಎತ್ತುವುದಕ್ಕೆ ಬಗ್ಗಿದೆ. ಎಳೆಗರುವಾದರೂ ಹೆಣಭಾರ. ಬೆನ್ನಿನ ನರ ಚಳಕ್ ಎಂದಿತು. ಎತ್ತಲು ಆಗುತ್ತಿರಲಿಲ್ಲ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು. ಎತ್ತದೆ ಬಿಡುವವಳಲ್ಲ ಎಂಬುದೂ ಇಬ್ಬರಿಗೂ ಗೊತ್ತಿತ್ತು.

‘ಬಿಡು,’ ಅಂದರು.

ನಾನು ಮತ್ತೊಮ್ಮೆ ಉಸಿರು ಕಟ್ಟಿದೆ.

‘ಬಿಡಲೇ. ನಿನ್ನ ಹೊಟ್ಟ್ಯಾಗಿರೋದು ನನ್ನ ಮೊಮ್ಮಗ.’

ಭುಜ ಹಿಡಿದು ನನ್ನನ್ನು ಪಕ್ಕಕ್ಕೆ ನೂಕಿದ ರಭಸಕ್ಕೆ ನಾನು ಗೋಡೆಗೆ ಒರಗಿದೆ. ಅವರು ಕರುವನ್ನು ತಾವೇ ಎದೆಗೆ ಅವಚಿ ಎತ್ತಿಕೊಂಡು ಹೋಗಿ ಎಮ್ಮೆಯ ಕೆಚ್ಚಲ ಕೆಳಗೆ ಇಳಿಸಿದರು. ಅದರ ಬಾಯಿ ಬಿಡಿಸಿ, ಮೊಲೆ ಹಿಂಡಿ, ನಾಲಿಗೆಯ ಮೇಲೆ ದಪ್ಪ ಹಳದಿ ಹಾಲು ಬಿಟ್ಟರು. ಹಾಲು ಕಟವಾಯಿಂದ ಹೊರಗೆ ಹರಿಯಿತು. ಇನ್ನೊಮ್ಮೆ ಬಿಟ್ಟರು. ಅವರ ತುಟಿ ಏನೋ ಗೊಣಗುತ್ತಿತ್ತು. ಎಮ್ಮೆಯ ಬಾಲದ ಕೆಳಗೆ ನೇತಾಡುತ್ತಿದ್ದ ಮಾಸಿನ ಕಡೆಗೆ ಗಳಿಗೆಗೊಮ್ಮೆ ನೋಡುತ್ತಿದ್ದರು. ಅದು ಹಟವಲ್ಲ, ಭಯ ಎಂದು ನನಗೆ ಅರ್ಥವಾದದ್ದು ಆಗ. ಭಾಳ ಹೊತ್ತಿನ ಮೇಲೆ ಕರುವಿನ ಗಂಟಲು ಒಮ್ಮೆ ಗುಟುಕ್ ಎಂದಿತು. ಆಮೇಲೆ ಇನ್ನೊಮ್ಮೆ.

ಕರು ಎದ್ದು ನಿಂತು ತಾನೇ ಕೆಚ್ಚಲು ಗುದ್ದಿ ಕುಡಿಯುವ ಹೊತ್ತಿಗೆ ನೆರಳು ಉದ್ದವಾಗಿತ್ತು. ಡಾಕ್ಟರು ಬರುವ ಮೊದಲೇ ಮಾಸು ತಾನಾಗಿ ಬಿತ್ತು. ಅತ್ತೆ ಅದನ್ನು ನಾಯಿ ಮುಟ್ಟದಂತೆ ಹಿತ್ತಲಲ್ಲಿ ಹುಗಿದು ಬಂದು ಕೈ ತೊಳೆದರು.

‘ನೋಡಿದ್ರೇನ್ರಿ?’ ಅಂದೆ. ತಡೆಯಲಾಗಲಿಲ್ಲ ನನಗೆ.

‘ಬೀಳೂದಿತ್ತು, ಬಿತ್ತು,’ ಅಂದರು.

ಕರು ಉಳಿಯಿತು. ಅದರ ಅವ್ವ ಹಾರ್ನು ಕೇಳಿದರೆ ಈಗಲೂ ಬೆಚ್ಚುತ್ತಿದ್ದಳು, ಕರು ಮಾತ್ರ ಲಾರಿ ಎಷ್ಟು ಕಿರುಚಿದರೂ ಕಣ್ಣು ಮುಚ್ಚಿ ಮೆಲುಕು ಕಲಿಯುತ್ತ ಮಲಗುತ್ತಿತ್ತು. ‘ಹೊಟ್ಟ್ಯಾಗಿದ್ದಾಗನ ಕೇಳಿ ರೂಢಿ ಆಗೇತಿ,’ ಎನ್ನುತ್ತಿದ್ದರು ಅತ್ತೆ. ಇರಬಹುದು. ನನ್ನ ಕೂಸಿನ ಮಾತನ್ನು ಮಾತ್ರ ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಿದರೆ ಮತ್ತೆ ‘ನೋಡೂಣು’ ಬಂದೀತೆಂದು ಹೆದರಿದ್ದೆ. ಆಸ್ಪತ್ರೆಗೆ ಒಯ್ಯುವ ಬ್ಯಾಗಿನಲ್ಲಿ ಅವರು ಹಳೇ ಸೀರೆಯ ತುಂಡುಗಳ ನಡುವೆ ಔಡಲೆಣ್ಣೆಯ ಬಾಟಲಿ ಇಟ್ಟದ್ದನ್ನು ನೋಡಿದೆ. ನಾನು ಅದನ್ನು ತೆಗೆದಿಟ್ಟೆ. ಮರುದಿನ ಅದು ಮತ್ತೆ ಬ್ಯಾಗಿನಲ್ಲಿತ್ತು.

ನೋವು ಹೇಳಿದ ದಿನಕ್ಕಿಂತ ಮೊದಲೇ ಬಂತು. ಹೊಸಪೇಟೆಯ ಆಸ್ಪತ್ರೆ ದೂರವೇನಲ್ಲ, ಆದರೆ ಆ ಲಾರಿಗಳ ಸಾಲನ್ನು ದಾಟಿ ಹೋಗಬೇಕಿತ್ತು. ಜೀಪಿನಲ್ಲಿ ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿನ ಲಾರಿಯವರಿಗೆಲ್ಲ ಬಾಯಿಗೆ ಬಂದದ್ದನ್ನು ಬೈಯುತ್ತಿದ್ದರು. ಹೆರಿಗೆ ಆಯಿತು. ಹೆಣ್ಣು, ಸಣ್ಣ ಕೂಸು. ನನಗೆ ರಕ್ತ ಭಾಳ ಹೋಗಿತ್ತು. ಎಚ್ಚರವಾದಾಗ ಮೈಯೆಲ್ಲ ಗಡಗಡ ನಡುಗುತ್ತಿತ್ತು, ಕೈ ಎತ್ತಲು ಆಗುತ್ತಿರಲಿಲ್ಲ. ನರ್ಸು ಕೂಸನ್ನು ಎದೆಗೆ ಹಚ್ಚಿ ನೋಡಿದರು. ಅದು ಬಾಯಿ ತೆರೆಯಲಿಲ್ಲ, ನಿದ್ದೆಯಲ್ಲೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ ಎಂದು ಹೇಳಿ ಪಕ್ಕದ ವಾರ್ಡಿಗೆ ಹೋದರು. ಗಂಡ ಯಾರ್ಡಿನಿಂದ ಇನ್ನೂ ಬಂದಿರಲಿಲ್ಲ. ಕೋಣೆಯಲ್ಲಿ ನಾನು, ಕೂಸು, ಅತ್ತೆ.

ಅತ್ತೆ ಬ್ಯಾಗಿನ ಜಿಪ್ಪು ಎಳೆದರು. ಕೂಸಿಗೆ ಹನಿ ಹನಿ ಕುಡಿಸುವ ಬೆಳ್ಳಿಯ ಒಳಲೆ ಹೊರಗೆ ಬಂತು. ಅದನ್ನು ಕುದ್ದ ನೀರಿನಲ್ಲಿ ತೊಳೆದರು. ಮತ್ತೆ ಬ್ಯಾಗಿನೊಳಗೆ ಕೈ ಹಾಕಿದರು.

‘ಅತ್ತಿ, ಬ್ಯಾಡ್ರಿ,’ ಅಂದೆ. ದನಿ ಹೊರಡಲಿಲ್ಲ. ‘ಕೈ ಮುಗೀತೀನ್ರಿ, ಎಣ್ಣಿ ಬ್ಯಾಡ್ರಿ.’

‘ಸುಮ್ನ ಮಲಗು.’

ಅವರು ತೆಗೆದದ್ದು ಸೀರೆಯ ತುಂಡು. ಅದನ್ನು ನನ್ನ ಕುತ್ತಿಗೆಯ ಕೆಳಗೆ ಹಾಸಿದರು. ಕುಪ್ಪಸದ ಗುಂಡಿ ಬಿಚ್ಚಿ, ಹೆಬ್ಬೆರಳು ತೋರುಬೆರಳು ಸೇರಿಸಿ, ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಒತ್ತಿದರು. ಏನೂ ಬರಲಿಲ್ಲ. ಮತ್ತೆ ಒತ್ತಿದರು. ಜೇನಿನ ಬಣ್ಣದ ಒಂದು ಹನಿ ಒಳಲೆಗೆ ಬಿತ್ತು, ಅದರ ಹಿಂದೆ ಇನ್ನೊಂದು. ಒಳಲೆಯ ತಳ ಮುಚ್ಚುವಷ್ಟಾದಾಗ ಕೂಸನ್ನು ಎತ್ತಿಕೊಂಡು, ತುಟಿಯ ಮೂಲೆಗೆ ಮುಟ್ಟಿಸಿ, ಗಲ್ಲ ಸವರಿದರು. ಕೂಸು ಚಪ್ಪರಿಸಿತು. ನನಗೆ ಅಳು ತಡೆಯಲಾಗಲಿಲ್ಲ.

ಒಳಲೆ ಬರಿದಾದ ಮೇಲೆ ಅವರು ಕೂಸನ್ನು ನನ್ನ ಮಗ್ಗುಲಿಗೆ ಮಲಗಿಸಿ, ಮಂಚದ ಅಂಚಿಗೆ ಕೂತರು. ಹೊರಗೆ ಯಾರದೋ ಕೂಸು ಅಳುತ್ತಿತ್ತು.

‘ನಿನ್ನ ಗಂಡಗಿಂತ ಮದಲ ನನಗೊಂದು ಹೆಣ್ಣು ಕೂಸು ಆಗಿತ್ತು,’ ಅಂದರು. ‘ಯಾರಿಗೂ ಹೇಳಿಲ್ಲ, ನಿನ್ನ ಗಂಡಗೂ ಗೊತ್ತಿಲ್ಲ. ಎಣ್ಣಿ ಹಾಕಿದ್ವಿ, ಬೆಲ್ಲದ ನೀರು ಹಾಕಿದ್ವಿ. ಎದಿ ಕಲ್ಲು ಆಗಿ ನೋಯ್ತಿತ್ತು, ನಮ್ಮತ್ತಿ ಹೇಳಿದಂಗ ಹಿಂಡಿ ಹಿಂಡಿ ಬಚ್ಚಲಕ್ಕ ಚೆಲ್ಲಿದೆ. ಕೂಸು ಅಳಾದು ಬಿಟ್ಟು ಸುಮ್ನಾತು. ನಿದ್ದಿ ಹತ್ತೇತಿ ಅಂದ್ರು.’

ನಾನು ಅವರ ಮುಂಗೈ ಹಿಡಿದೆ.

‘ನೀ ಸಾಲ್ಯಾಗ ಹೇಳಾಕಿ. ಖರೇ ಹೇಳು. ಆ ಹಾಲು ಕೊಟ್ಟಿದ್ರ ಅದು ಬದಕತಿತ್ತೇನವ್ವ?’

‘ಇಲ್ರಿ ಅತ್ತಿ,’ ಅಂದೆ. ‘ಅದಕ್ಕ ಬ್ಯಾರೆ ಏನೋ ಆಗಿರತೈತಿ. ಆಗಿನ ಕಾಲಕ್ಕ ಯಾರ ಕೈಯಾಗೂ ಏನೂ ಇರಲಿಲ್ಲ.’

ಅವರು ನನ್ನ ಮುಖವನ್ನು ನೋಡಿದರು. ಅವರ ಕಣ್ಣು ಒಣಗಿಯೇ ಇದ್ದವು.

‘ಕರುವಿನ ಮುಂದ ಹಿಂಗ ಅಂದಿರಲಿಲ್ಲ ನೀ,’ ಅಂದರು. ಆಮೇಲೆ ಕೈ ಬಿಡಿಸಿಕೊಂಡು, ಮಿಸುಕುತ್ತಿದ್ದ ಕೂಸನ್ನು ಎತ್ತಿ ನನ್ನ ಎದೆಗೆ ಹಚ್ಚಿದರು. ‘ಎದ್ದೈತಿ ನೋಡು. ಕುಡಸು.’